ಕಾಲು ಸೋತಾಗ ಹೃದಯವನ್ನೂ ನೋಡಿ

ಬ್ರಿಟನ್ನಿನ ದೊರೆ ಆರನೇ ಜಾರ್ಜ್‌ಗೆ 1948ರಲ್ಲಿ ಕಾಲು ಹಿಡಿದುಕೊಳ್ಳತೊಡಗಿತು. ನಡೆದರೆ ನೋವು, ಮಲಗಿದರೆ ಪಾದಕ್ಕೆ ಜೋಮು. ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ ಎಂದು ವರ್ಷದ ಕೊನೆಯ ಹೊತ್ತಿಗೆ ವೈದ್ಯರು ಹೇಳಿದರು. ಬಲಗಾಲನ್ನೇ ತೆಗೆಯಬೇಕಾದೀತು ಎಂಬ ಭಯ ಹುಟ್ಟಿತು. ನಿಗದಿಯಾಗಿದ್ದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ ಮುಂದಕ್ಕೆ ಹೋಯಿತು. 1949ರ ಮಾರ್ಚ್‌ನಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಜೇಮ್ಸ್ ಲರ್ಮಂತ್ ಬಕಿಂಗ್‌ಹ್ಯಾಮ್ ಅರಮನೆಯಲ್ಲೇ ಆಪರೇಷನ್ ಮಾಡಿ, ಕಾಲಿನ ರಕ್ತನಾಳಗಳನ್ನು ಬಿಗಿಹಿಡಿಯುವ ನರವನ್ನು ಸೊಂಟದ ಹತ್ತಿರ ಕತ್ತರಿಸಿದರು. ಕಾಲು ಉಳಿಯಿತು. ವಿಪರೀತ ಸಿಗರೇಟ್ ಸೇದುತ್ತಿದ್ದ ದೊರೆಯ ಒಂದು ಶ್ವಾಸಕೋಶವನ್ನು 1951ರಲ್ಲಿ ಕ್ಯಾನ್ಸರ್‌ನಿಂದಾಗಿ ತೆಗೆಯಬೇಕಾಯಿತು. 1952ರ ಫೆಬ್ರುವರಿ 6ರಂದು, 56ನೇ ವಯಸ್ಸಿನಲ್ಲಿ, ಅವರು ನಿದ್ದೆಯಲ್ಲೇ ತೀರಿಕೊಂಡರು. ದಾಖಲಾದ ಕಾರಣ, ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ.

ಸುಮಾರು ನಾಲ್ಕು ವರ್ಷಗಳ ಅವಧಿಯಲ್ಲಿ ನಡೆದ ಈ ಸಂಗತಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಕಾಲಿಗೆ ಬಂದದ್ದು ಎದೆಗೂ ಬರಲಿತ್ತು ಎಂಬುದು ಇಂದಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಮ್ಮ ಮನೆಗಳಲ್ಲಿ ಇದು ಇನ್ನೂ ಕಾಣುತ್ತಿಲ್ಲ. ಎದೆ ಹಿಡಿದರೆ ಮನೆಯವರೆಲ್ಲ ಎದ್ದು ಕಾರು ಹುಡುಕುತ್ತಾರೆ. ‘ನಾಲ್ಕು ಹೆಜ್ಜೆ ಇಟ್ರೆ ಮೀನಖಂಡ ಹಿಂಡುತ್ತೆ, ಸ್ವಲ್ಪ ನಿಂತ್ರೆ ಸರಿಹೋಗುತ್ತೆ’ ಎಂದು ಅಪ್ಪ ಹೇಳಿದರೆ ‘ವಯಸ್ಸಾಯ್ತಲ್ಲ’ ಎನ್ನುತ್ತೇವೆ. ಎಣ್ಣೆ ಹಚ್ಚಿ ನೀವುತ್ತೇವೆ. ವಾಯು ಎನ್ನುತ್ತೇವೆ, ನರ ಹಿಡಿದಿದೆ ಎನ್ನುತ್ತೇವೆ. ಅಪ್ಪ ಸಂಜೆಯ ನಡಿಗೆಯನ್ನು ಬೀದಿಯ ಕೊನೆಯವರೆಗೆ, ಆಮೇಲೆ ಗೇಟಿನವರೆಗೆ, ಆಮೇಲೆ ಜಗುಲಿಯವರೆಗೆ ಮೊಟಕು ಮಾಡಿಕೊಳ್ಳುತ್ತಾರೆ. ಯಾರೂ ಅವರ ಹೃದಯದ ಬಗ್ಗೆ ಕೇಳುವುದಿಲ್ಲ.

ಕೇಳಬೇಕು. ಈ ಲೇಖನ ಇರುವುದೇ ಅದಕ್ಕೆ.

ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಸೇರಿ, ಅದರ ಸುತ್ತ ಉರಿಯೂತ ಎದ್ದು, ಕ್ರಮೇಣ ಸುಣ್ಣದಂಶವೂ ಕೂತು ನಾಳ ಕಿರಿದಾಗುವುದು ಒಂದು ಜಾಗಕ್ಕೆ ಸೀಮಿತವಾದ ಕಾಯಿಲೆಯಲ್ಲ. ತಂಬಾಕಿನ ಹೊಗೆ, ಏರಿದ ಸಕ್ಕರೆ, ಏರಿದ ಬಿಪಿ, ಕೆಟ್ಟ ಕೊಲೆಸ್ಟರಾಲ್ ಇವೆಲ್ಲ ಇಡೀ ಮೈಯಲ್ಲಿ ಹರಿಯುವ ರಕ್ತದ ಮೂಲಕವೇ ಹಾನಿ ಮಾಡುತ್ತವೆ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳಗಳು, ಮಿದುಳಿಗೆ ಹೋಗುವ ಕತ್ತಿನ ಕೆರೊಟಿಡ್ ನಾಳಗಳು, ಕಾಲಿಗೆ ಇಳಿಯುವ ನಾಳಗಳು, ಎಲ್ಲವೂ ಅದಕ್ಕೆ ಒಳಗಾದವೇ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲಕ್ಕೆ ನೀರು ಬರದಿದ್ದರೆ ಆ ಹೊಲವನ್ನೇ ಅಗೆದು ಪ್ರಯೋಜನವಿಲ್ಲ, ಕಾಲುವೆಯುದ್ದಕ್ಕೂ ನೋಡಿಕೊಂಡು ಹೋಗಬೇಕು ಎಂಬುದು ರಾಯಚೂರು ಕಡೆಯ ರೈತರಿಗೆ ಗೊತ್ತು. ಕಾಲಿನ ವಿಚಾರದಲ್ಲೂ ಅಷ್ಟೆ. 2004ರ ಸುಮಾರಿಗೆ 44 ದೇಶಗಳ 60 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ದಾಖಲಿಸಿಕೊಂಡ ‘ರೀಚ್’ ಅಧ್ಯಯನದಲ್ಲಿ, ಕಾಲಿನ ನಾಳದ ಕಾಯಿಲೆ ಇದ್ದವರ ಪೈಕಿ ಐವರಲ್ಲಿ ಸುಮಾರು ಮೂವರಿಗೆ ಹೃದಯದ್ದೋ ಮಿದುಳಿನದ್ದೋ ನಾಳದ ತೊಂದರೆಯೂ ಇತ್ತು.

ಇನ್ನೂ ಹಳೆಯದಾದ, ಆದರೆ ಮರೆಯಲಾಗದ ಲೆಕ್ಕವೊಂದಿದೆ. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮೈಕೆಲ್ ಕ್ರಿಕ್ವಿ ಮತ್ತು ಸಂಗಡಿಗರು 565 ಮಂದಿಯ ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸಿ, ಹತ್ತು ವರ್ಷ ಅವರನ್ನು ಹಿಂಬಾಲಿಸಿದರು. ಫಲಿತಾಂಶ ಪ್ರಕಟವಾದದ್ದು 1992ರಲ್ಲಿ. ಕಾಲಿನ ದೊಡ್ಡ ನಾಳಗಳು ಕಿರಿದಾಗಿದ್ದ ಗಂಡಸರಲ್ಲಿ ಶೇ 62ರಷ್ಟು ಮಂದಿ ಆ ಹತ್ತು ವರ್ಷಗಳಲ್ಲಿ ತೀರಿಕೊಂಡಿದ್ದರು. ಕಾಯಿಲೆ ಇಲ್ಲದವರಲ್ಲಿ ಶೇ 17. ಹೆಂಗಸರಲ್ಲಿ ಶೇ 33 ಮತ್ತು ಶೇ 12. ಹೃದಯ–ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಸುಮಾರು ಆರು ಪಟ್ಟು ಹೆಚ್ಚಿತ್ತು. ಕಾಯಿಲೆಯಿದ್ದವರ ಸಂಖ್ಯೆ ಅಲ್ಲಿ ಚಿಕ್ಕದು, ಬರೀ 67. ಹಾಗಾಗಿ ಆ ಒಂದೇ ಅಂಕಿಯನ್ನು ಹಿಡಿದು ಕೂರಬೇಕಿಲ್ಲ. ಆದರೆ 2008ರಲ್ಲಿ 16 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ದಿಕ್ಕು ಬದಲಾಗಲಿಲ್ಲ. ಬೇರೆ ಅಪಾಯಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಾಲಿನ ರಕ್ತದೊತ್ತಡ ಕಡಿಮೆ ಇದ್ದವರಿಗೆ ಹತ್ತು ವರ್ಷಗಳ ಸಾವಿನ ಅಪಾಯ ಸುಮಾರು ಎರಡು ಪಟ್ಟು.

ಕಾಲು ನೋಯುವವರು ಹೆದರುವುದು ಕಾಲು ಹೋದೀತೆಂದು. ನಿಜವಾಗಿ, ನಡೆದರೆ ಮಾತ್ರ ನೋವು ಎನ್ನುವ ಹಂತದಲ್ಲಿರುವವರಲ್ಲಿ ಕಾಲು ಕಳೆದುಕೊಳ್ಳುವವರು ಕೆಲವೇ ಮಂದಿ. ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ತುತ್ತಾಗುವವರು ಅದರ ಎಷ್ಟೋ ಪಟ್ಟು.

ನೋವಿನ ಸ್ವಭಾವವೇ ಈ ನಂಟನ್ನು ಹೇಳುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಆಂಜೈನಾ ಎಂಬ ಎದೆನೋವನ್ನು ವಿವರಿಸಿದಾಗ, ಅದು ನಡೆಯುವಾಗ, ಅದರಲ್ಲೂ ದಿಬ್ಬ ಏರುವಾಗ ಬಂದು, ನಿಂತರೆ ಮಾಯವಾಗುತ್ತದೆ ಎಂದಿದ್ದ. ಕಾಲಿನದ್ದೂ ಅದೇ ರೀತಿ. ಅದನ್ನು ಮೊದಲು ಗುರುತಿಸಿದ್ದು ಮನುಷ್ಯರಲ್ಲಲ್ಲ, ಕುದುರೆಯಲ್ಲಿ: ಗಾಡಿ ಎಳೆಯುತ್ತ ಕುಂಟಿ ನಿಂತು, ಸುಧಾರಿಸಿಕೊಂಡು ಮತ್ತೆ ನಡೆಯುತ್ತಿದ್ದ ಕುದುರೆಯೊಂದರ ತೊಡೆಯ ನಾಳಗಳು ಕಟ್ಟಿದ್ದನ್ನು ಫ್ರಾನ್ಸಿನ ಪಶುವೈದ್ಯ ಬೂಲೆ 1831ರಲ್ಲಿ ವರದಿ ಮಾಡಿದ. ಪ್ಯಾರಿಸ್ಸಿನ ಶಾರ್ಕೊ 1858ರಲ್ಲಿ ಮನುಷ್ಯನಲ್ಲೂ ಅದನ್ನೇ ಕಂಡ. ಕೂತಿರುವಾಗ ಸ್ನಾಯುವಿಗೆ ಬೇಕಾಗುವ ರಕ್ತ ಕಡಿಮೆ. ಅರ್ಧ ಮುಚ್ಚಿದ ನಾಳವೂ ಅಷ್ಟನ್ನು ಒದಗಿಸುತ್ತದೆ. ನಡೆಯತೊಡಗಿದರೆ ಮೀನಖಂಡದ ಬೇಡಿಕೆ ಹತ್ತು ಪಟ್ಟಿಗೂ ಮೀರಿ ಏರಬಲ್ಲದು. ಆಗ ಕೊರತೆ ನೋವಾಗಿ ಕಾಣಿಸಿಕೊಳ್ಳುತ್ತದೆ. ಹೃದಯವೂ ಸ್ನಾಯುವೇ, ಅದರ ಕೊರತೆಯೂ ಹೀಗೇ ನೋವಾಗುತ್ತದೆ.

ಇಲ್ಲೊಂದು ಅಪಾಯಕಾರಿ ಮುಸುಕಿದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಓದುಗರು ಗಟ್ಟಿಯಾಗಿ ನೆನಪಿಡಬೇಕಾದದ್ದು ಇದೇ. ಕಾಲು ನೋಯುವ ಮನುಷ್ಯ ನೂರು ಅಡಿಗೆ ನಿಂತುಬಿಡುತ್ತಾನೆ. ಅಷ್ಟರಲ್ಲಿ ಅವನ ಹೃದಯಕ್ಕೆ ದುಡಿಮೆಯೇ ಬಿದ್ದಿರುವುದಿಲ್ಲ. ಕೊರೊನರಿ ನಾಳ ಎಷ್ಟೇ ಕಿರಿದಾಗಿದ್ದರೂ ಆ ದುಡಿಮೆ ಬೀಳುವವರೆಗೆ ಎದೆ ನೋಯುವುದಿಲ್ಲ, ಉಸಿರು ಏದುವುದಿಲ್ಲ. ‘ಎದೆನೋವು ಇದೆಯಾ?’ ಎಂದು ವೈದ್ಯರು ಕೇಳಿದರೆ ಅವನು ಪ್ರಾಮಾಣಿಕವಾಗಿ ‘ಇಲ್ಲ ಸರ್’ ಎನ್ನುತ್ತಾನೆ. ಕಾಲು ಅವನನ್ನು ತಡೆದು ನಿಲ್ಲಿಸಿ, ಹೃದಯದ ದೂರನ್ನು ಮುಚ್ಚಿಟ್ಟಿರುತ್ತದೆ. ಕಾಲಿನ ನಾಳವನ್ನು ತೆರೆದು, ಅವನು ಉತ್ಸಾಹದಿಂದ ಒಂದು ಕಿಲೊಮೀಟರ್ ನಡೆದ ದಿನ ಮೊದಲ ಸಲ ಎದೆ ಬಿಗಿಯುವುದುಂಟು. ಟ್ರೆಡ್‌ಮಿಲ್ ಪರೀಕ್ಷೆಯೂ ಇಂಥವರಲ್ಲಿ ಉಪಯೋಗಕ್ಕೆ ಬಾರದೆ ಹೋಗಬಹುದು. ಹೃದಯ ಬಡಿತ ಏರುವ ಮೊದಲೇ ಕಾಲು ಸೋತು ಇಳಿದುಬಿಡುತ್ತಾರೆ. ಅದಕ್ಕಾಗಿ ಔಷಧಿ ಕೊಟ್ಟು ಹೃದಯವನ್ನು ದುಡಿಸಿ ನೋಡುವ ಪರೀಕ್ಷೆಗಳಿವೆ. ಸಕ್ಕರೆ ಕಾಯಿಲೆಯವರಲ್ಲಿ ಈ ಮುಸುಕು ಇನ್ನೂ ದಪ್ಪ. ನರಗಳು ಮಂಕಾಗಿ ಕಾಲಿನ ನೋವೂ ತಿಳಿಯದು, ಎದೆಯ ನೋವೂ ತಿಳಿಯದು. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ. ಹೊಲಕ್ಕೂ ದೇವಸ್ಥಾನಕ್ಕೂ ಬರಿಗಾಲಲ್ಲಿ ನಡೆಯುವ ನಮ್ಮ ಜನಕ್ಕೆ ಇದು ಸಣ್ಣ ಮಾತಲ್ಲ.

ಕಿರಿದಾದ ನಾಳ ಹೃದಯದ ಕೆಲಸವನ್ನೇ ಹೇಗೆ ಕೆಡಿಸುತ್ತದೆ? ಆರೋಗ್ಯವಂತ ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಗೆ ತಳ್ಳುತ್ತದೆ. ಮಹಾಪಧಮನಿ ಮೃದುವಾಗಿದ್ದಾಗ ಪ್ರತಿ ಬಡಿತಕ್ಕೂ ಹಿಗ್ಗಿ, ಆಮೇಲೆ ಕುಗ್ಗಿ, ರಕ್ತವನ್ನು ಮುಂದಕ್ಕೆ ನೂಕುತ್ತದೆ. ಒತ್ತಡದ ಅಲೆಯೊಂದು ಕಾಲಿನವರೆಗೆ ಹೋಗಿ ಪ್ರತಿಫಲಿಸಿ ಹಿಂದಿರುಗುವಷ್ಟರಲ್ಲಿ ಹೃದಯ ಸಂಕುಚನ ಮುಗಿಸಿ ವಿಶ್ರಮಿಸುತ್ತಿರುತ್ತದೆ. ಕೊರೊನರಿ ನಾಳಗಳಿಗೆ ರಕ್ತ ಹೆಚ್ಚಾಗಿ ಹರಿಯುವುದು ಈ ವಿಶ್ರಾಂತಿಯ ಗಳಿಗೆಯಲ್ಲೇ, ಹಾಗಾಗಿ ಹಿಂದಿರುಗಿದ ಅಲೆ ಅದಕ್ಕೆ ನೆರವಾಗುತ್ತದೆ. ನಾಳಗಳು ಪೆಡಸಾದರೆ ಅಲೆ ಬೇಗ ಓಡಿ, ಹೃದಯ ಇನ್ನೂ ರಕ್ತ ತಳ್ಳುತ್ತಿರುವಾಗಲೇ ಎದುರಾಗುತ್ತದೆ. ಹೃದಯ ಹೆಚ್ಚು ಬಲ ಹಾಕಬೇಕು. ತನಗೆ ಸಿಗಬೇಕಾದ ರಕ್ತ ಮಾತ್ರ ಕಡಿಮೆ. ವರ್ಷಗಟ್ಟಲೆ ಹೀಗೆ ದುಡಿದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಎಕೊ ವರದಿಯಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ (ಇಎಫ್, ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ಹೊರತಳ್ಳುವ ರಕ್ತದ ಪಾಲು) ಶೇ 60 ಎಂದಿದ್ದರೂ ಏದುಸಿರು ಬರುವ ಹೃದಯ ವೈಫಲ್ಯಕ್ಕೆ ಇದೊಂದು ದಾರಿ. ‘ಇಎಫ್ ನಾರ್ಮಲ್ ಇದೆ’ ಎಂಬ ಒಂದೇ ಸಾಲಿನಲ್ಲಿ ಸಮಾಧಾನಪಟ್ಟು ಮನೆಗೆ ಬರುವವರು ಇದನ್ನು ತಿಳಿದಿರಬೇಕು.

ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ಹೃದಯ ದುರ್ಬಲವಾದಾಗ ಮಿದುಳು ಮತ್ತು ಹೃದಯದ ಪಾಲನ್ನು ಉಳಿಸಲು ದೇಹ ಕೈಕಾಲುಗಳ ನಾಳಗಳನ್ನು ಬಿಗಿಗೊಳಿಸುತ್ತದೆ. ಅರೆಮುಚ್ಚಿದ ನಾಳದಲ್ಲಿ ಹೇಗೋ ನಡೆದಿದ್ದ ಕಾಲು ಆಗ ಪೂರ್ತಿ ಸೋಲುತ್ತದೆ, ಬೆರಳಿನ ಸಣ್ಣ ಗಾಯವೂ ಒಣಗುವುದಿಲ್ಲ. ಕಾಲಿನ ಊತವನ್ನು ಇದರೊಂದಿಗೆ ಬೆರೆಸಬಾರದು. ಹೃದಯ ವೈಫಲ್ಯದಲ್ಲಿ ನೀರು ತುಂಬಿ ಕಾಲು ಊದಿಕೊಳ್ಳುತ್ತದೆ. ಅಪಧಮನಿ ಕಟ್ಟಿದ ಕಾಲು ಸಾಮಾನ್ಯವಾಗಿ ತಣ್ಣಗೆ, ಸೊರಗಿ, ಕೂದಲುದುರಿ, ಚರ್ಮ ಹೊಳಪಾಗಿರುತ್ತದೆ. ಎರಡೂ ಒಟ್ಟಿಗೆ ಇರಬಹುದು. ಹಾಗಾಗಿ ಊತ ಕಂಡ ಕೂಡಲೇ ಔಷಧಿ ಅಂಗಡಿಯಿಂದ ಬಿಗಿ ಸಾಕ್ಸ್ ತಂದು ಹಾಕಿಕೊಳ್ಳಬೇಡಿ. ರಕ್ತವೇ ಸರಿಯಾಗಿ ಬಾರದ ಕಾಲಿಗೆ ಆ ಬಿಗಿತ ಕೇಡು ಮಾಡುತ್ತದೆ.

ಹೃದಯ ಕಾಲಿಗೆ ಕೊಡುವ ಇನ್ನೊಂದು ಏಟು ತೀರಾ ಹಠಾತ್ತನೆ ಬರುತ್ತದೆ. ಹೃದಯ ಬಡಿತ ತಾಳತಪ್ಪುವ ‘ಏಟ್ರಿಯಲ್ ಫಿಬ್ರಿಲೇಷನ್’ ಇದ್ದವರಲ್ಲಿ, ಹೃದಯದ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ತುಣುಕು ಹೊರಟು ಕಾಲಿನ ನಾಳದ ಕವಲಿನಲ್ಲಿ ಸಿಕ್ಕಿಕೊಳ್ಳಬಹುದು. ಎಳವೆಯಲ್ಲಿ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಟ್ಟವರು ನಮ್ಮಲ್ಲಿ ಇನ್ನೂ ಇರುವುದರಿಂದ, ಇದು ಮುದುಕರಿಗಷ್ಟೇ ಬರುವಂಥದ್ದಲ್ಲ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳುಚಿ, ತಡೆಯಲಾರದ ನೋವು ಬಂದು, ಬೆರಳು ಆಡಿಸಲಾಗದಿದ್ದರೆ ಗಂಟೆಗಳ ಲೆಕ್ಕ ಶುರು. ಸುಮಾರು ಆರು ಗಂಟೆಯೊಳಗೆ ರಕ್ತ ಮತ್ತೆ ಹರಿಯದಿದ್ದರೆ ಸ್ನಾಯು ಸಾಯತೊಡಗುತ್ತದೆ. ಬಿಸಿನೀರಿನ ಶಾಖ, ಮಾಲೀಸು, ನಾಳೆ ನೋಡೋಣ ಎನ್ನುವುದು ಯಾವುದೂ ಬೇಡ. ಆಂಬುಲೆನ್ಸ್ ಕರೆಯಿರಿ. ಹೆಪ್ಪನ್ನು ಬಲೂನಿನಿಂದ ಎಳೆದು ತೆಗೆಯುವ, ಥಾಮಸ್ ಫೋಗರ್ಟಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಸಣ್ಣ ಕೊಳವೆ ಇಂದಿಗೂ ಕಾಲುಗಳನ್ನು ಉಳಿಸುತ್ತಿದೆ. ಆದರೆ ರೋಗಿ ಹೊತ್ತಿಗೆ ಸರಿಯಾಗಿ ತಲುಪಬೇಕು.

ಕಿರಿದಾದ ನಾಳವನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ರೋಗಿಯನ್ನು ಐದು ಹತ್ತು ನಿಮಿಷ ಮಲಗಿಸಿ, ತೋಳಿನಲ್ಲಿ ಬಿಪಿ ನೋಡುವಂತೆಯೇ ಪಾದದ ಗಿಣ್ಣಿನ ಮೇಲೂ ಪಟ್ಟಿ ಸುತ್ತಿ, ಸಣ್ಣ ಡಾಪ್ಲರ್ ಉಪಕರಣದಿಂದ ಒತ್ತಡ ಅಳೆಯುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ‘ಆ್ಯಂಕಲ್ ಬ್ರೇಕಿಯಲ್ ಇಂಡೆಕ್ಸ್’, ಅಂದರೆ ಎಬಿಐ. ಹೃದಯದಿಂದ ದೂರ ಹೋದಂತೆ ಬಿಪಿಯ ಮೇಲಿನ ಅಂಕಿ ಸ್ವಲ್ಪ ಏರುವುದರಿಂದ ಆರೋಗ್ಯವಂತರಲ್ಲಿ ಇದು 1.0ರಿಂದ 1.4ರ ನಡುವೆ ಇರುತ್ತದೆ. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದೇ ಅರ್ಥ. ತೋಳಿನಲ್ಲಿ 140, ಗಿಣ್ಣಿನಲ್ಲಿ 98 ಇದ್ದವರ ಎಬಿಐ 0.70; ಅವರ ಹೃದಯದ ತಪಾಸಣೆ ಮುಂದೂಡುವಂಥದ್ದಲ್ಲ. 1.4ಕ್ಕಿಂತ ಹೆಚ್ಚಿದ್ದರೂ ಖುಷಿಪಡುವಂತಿಲ್ಲ. ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನಾಳ ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೂ ಬಗ್ಗದಿದ್ದಾಗ ಹಾಗೆ ಬರುತ್ತದೆ, ಆಗ ಕಾಲ್ಬೆರಳಿನ ಒತ್ತಡ ನೋಡಬೇಕು. ಸಾವಿರಾರು ರೂಪಾಯಿಯ ತಪಾಸಣೆ ಪ್ಯಾಕೇಜಿನಲ್ಲಿ ಇಸಿಜಿ, ಎಕೊ, ಹತ್ತಾರು ರಕ್ತಪರೀಕ್ಷೆ ಸೇರಿಸುವವರು ಹದಿನೈದು ನಿಮಿಷದ ಈ ಅಳತೆಯನ್ನು ಬಿಡುವುದು ಸರಿಯಲ್ಲ. ಹೊಗೆ ಸೇದಿದವರಿಗೆ, ಸಕ್ಕರೆ ಕಾಯಿಲೆಯವರಿಗೆ, 65 ದಾಟಿದವರಿಗಾದರೂ ಇದು ಸಿಗಬೇಕು.

ನಡೆದಾಗ ಬರುವ ಎಲ್ಲ ಕಾಲುನೋವೂ ನಾಳದ್ದೇ ಎಂದು ಗಾಬರಿಯಾಗುವುದೂ ಬೇಡ. ಮಂಡಿ ಸವೆತ ಮೊದಲ ಹೆಜ್ಜೆಯಿಂದಲೇ ನೋಯುತ್ತದೆ. ಬೆನ್ನುಹುರಿಯ ಜಾಗ ಕಿರಿದಾದವರಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ನಾಳದ ನೋವಿಗೆ ಸುಮ್ಮನೆ ನಿಂತರೆ ಸಾಕು, ಕೆಲವೇ ನಿಮಿಷದಲ್ಲಿ ಇಳಿದು, ಮತ್ತೆ ಅಷ್ಟೇ ದೂರಕ್ಕೆ ಮರಳುತ್ತದೆ. ಕರಾವಳಿಯಲ್ಲಿ, ಬಯಲುಸೀಮೆಯಲ್ಲಿ ಬೀಡಿ ಸೇದುವ ಎಳೆಯ ಗಂಡಸರಿಗೆ ಬರುವ ಬರ್ಜರ್ ಕಾಯಿಲೆ ಬೇರೆಯದೇ. 1908ರಲ್ಲಿ ಲಿಯೊ ಬರ್ಜರ್ ವಿವರಿಸಿದ ಇದು ಕೈಕಾಲಿನ ಸಣ್ಣ, ಮಧ್ಯಮ ನಾಳಗಳನ್ನು ಉರಿಯೂತದಿಂದ ಮುಚ್ಚುತ್ತದೆ. ಹೃದಯವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಬೀಡಿ ಬಿಡದಿದ್ದರೆ ಬೆರಳುಗಳು ಒಂದೊಂದಾಗಿ ಹೋಗುತ್ತವೆ. ಬಿಟ್ಟರೆ ನಿಲ್ಲುತ್ತದೆ. ಅದಕ್ಕೆ ಅಷ್ಟು ಖಚಿತವಾಗಿ ಫಲ ಕೊಡುವ ಬೇರೆ ಮದ್ದು ಇಲ್ಲ.

ಹೃದಯಕ್ಕೆ ಇಂದು ಸಿಗುವ ಎರಡು ದೊಡ್ಡ ಚಿಕಿತ್ಸೆಗಳೂ ಮೊದಲು ಕಾಲಿನಲ್ಲಿ ನಡೆದವು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಪ್ಯಾರಿಸ್ಸಿನಲ್ಲಿ 1948ರಲ್ಲಿ ಜಾನ್ ಕುನ್ಲಿನ್ ಎಂಬ ಶಸ್ತ್ರವೈದ್ಯ ರೋಗಿಯ ಕಾಲಿನದ್ದೇ ಅಭಿಧಮನಿಯನ್ನು ಉಪಯೋಗಿಸಿ, ಕಟ್ಟಿದ ತೊಡೆಯ ನಾಳವನ್ನು ಬಳಸಿ ಹೋಗುವ ದಾರಿ ಮಾಡಿದರು. ಅರ್ಜೆಂಟೀನಾದ ರೆನೆ ಫವಲೊರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅದೇ ಅಭಿಧಮನಿಯನ್ನು ಹೃದಯದ ಬೈಪಾಸ್‌ಗೆ ತಂದರು. ಬೈಪಾಸ್ ಆದ ನಮ್ಮ ನಂಟರಿಷ್ಟರ ಕಾಲಿನ ಉದ್ದನೆಯ ಹೊಲಿಗೆ ಗುರುತು ಅದರದ್ದೇ. ಪೋರ್ಟ್‌ಲೆಂಡ್‌ನ ಚಾರ್ಲ್ಸ್ ಡಾಟರ್ 1964ರ ಜನವರಿ 16ರಂದು, ಬೆರಳು ಕೊಳೆಯುತ್ತಿದ್ದರೂ ಕಾಲು ಕತ್ತರಿಸಲು ಒಪ್ಪದ 80 ದಾಟಿದ ಅಜ್ಜಿಯೊಬ್ಬರ ತೊಡೆಯ ನಾಳವನ್ನು, ಚರ್ಮದ ಮೂಲಕ ಕೊಳವೆ ತೂರಿಸಿ ಹಿಗ್ಗಿಸಿದರು. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು, ಆಕೆ ತನ್ನ ಕಾಲಲ್ಲೇ ನಡೆದರು. ಡಾಟರ್ ದಾರಿಯಲ್ಲಿ ಮುಂದುವರಿದ ಆ್ಯಂಡ್ರಿಯಾಸ್ ಗ್ರುಂಟ್ಸಿಗ್, ಜ್ಯೂರಿಕ್‌ನಲ್ಲಿ 1974ರಲ್ಲಿ ಬಲೂನನ್ನು ಕಾಲಿನ ನಾಳದಲ್ಲಿ ಉಬ್ಬಿಸಿ ನೋಡಿದ ಮೇಲೆಯೇ 1977ರ ಸೆಪ್ಟೆಂಬರ್ 16ರಂದು ಹೃದಯದ ನಾಳದಲ್ಲಿ ಉಬ್ಬಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ದಿನವೂ ನಡೆಯುವ ಆಂಜಿಯೊಪ್ಲಾಸ್ಟಿಗಳ ಮೂಲ ಅಲ್ಲಿದೆ. ವೈದ್ಯವಿಜ್ಞಾನ ಕಾಲನ್ನೂ ಹೃದಯವನ್ನೂ ಯಾವತ್ತೋ ಒಟ್ಟಿಗೆ ನೋಡಿದೆ, ಹಿಂದೆ ಉಳಿದವರು ನಾವು.

ಔಷಧಿಯಲ್ಲೂ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ನಡೆಯುವ ದೂರ ಹೆಚ್ಚಿಸಲು ಸಿಲೊಸ್ಟಜಾಲ್ ಎಂಬ ಮಾತ್ರೆ ಕೊಡುತ್ತಾರೆ. ಹೃದಯ ವೈಫಲ್ಯ ಯಾವ ಹಂತದಲ್ಲಿದ್ದರೂ ಅದನ್ನು ಕೊಡಬಾರದು. ಅದೇ ಗುಂಪಿನ ಮಿಲ್ರಿನೋನ್ ಮಾತ್ರೆಯಿಂದ ತೀವ್ರ ಹೃದಯ ವೈಫಲ್ಯದವರಲ್ಲಿ ಸಾವು ಹೆಚ್ಚಿದ್ದು 1991ರ ಅಧ್ಯಯನದಲ್ಲಿ ಕಂಡುಬಂದಿತ್ತು. ಹಾಗಾಗಿ ಕಾಲಿನ ವೈದ್ಯರ ಬಳಿ ಹೋಗುವಾಗ ಹೃದಯದ ಚೀಟಿಗಳನ್ನೂ ಒಯ್ಯಬೇಕು. ಸ್ಟ್ಯಾಟಿನ್, ಆ್ಯಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಬಿಪಿ–ಸಕ್ಕರೆಯ ಹಿಡಿತ ಇವು ಕಾಲಿಗೆಂದು ಬರೆದರೂ ಮುಖ್ಯವಾಗಿ ಕಾಯುವುದು ಹೃದಯವನ್ನು, ಮಿದುಳನ್ನು. ‘ಕಾಲುನೋವು ಕಡಿಮೆಯಾಗಲಿಲ್ಲ’ ಎಂದು ಅವನ್ನು ಬಿಟ್ಟುಬಿಡುವವರು ದೊಡ್ಡ ತಪ್ಪು ಮಾಡುತ್ತಾರೆ. ತಂಬಾಕಿನ ಹಾನಿ ಎಷ್ಟು ದೀರ್ಘವೆಂದರೆ, ಬಿಟ್ಟ ಮೇಲೂ ಕಾಲಿನ ನಾಳದ ಅಪಾಯ 30 ವರ್ಷದವರೆಗೆ ಪೂರ್ತಿ ಅಳಿಯದೆ ಉಳಿದದ್ದನ್ನು ಅಮೆರಿಕದ ಅಧ್ಯಯನವೊಂದು 2019ರಲ್ಲಿ ತೋರಿಸಿದೆ. ಇವತ್ತೇ ಬಿಡಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಇನ್ನು ನಡಿಗೆ. ನೋವು ಬರುತ್ತದೆಂದು ನಡೆಯುವುದನ್ನು ನಿಲ್ಲಿಸಿದವರಿಗೆ ವೈದ್ಯರು ‘ನಡೆಯಿರಿ’ ಎಂದರೆ ಕೋಪ ಬರುತ್ತದೆ. ಆದರೆ ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆದು, ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ಸಲ, ಕನಿಷ್ಠ 12 ವಾರ ಮಾಡಿದರೆ ನಡೆಯುವ ದೂರ ಗಮನಾರ್ಹವಾಗಿ ಹೆಚ್ಚುತ್ತದೆ. ಮುಚ್ಚಿದ ನಾಳ ತೆರೆಯುವುದಿಲ್ಲ. ಸ್ನಾಯು ಇದ್ದ ಆಮ್ಲಜನಕವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ, ನಾಳಗಳ ಒಳಪದರ ಸುಧಾರಿಸುತ್ತದೆ. 2012ರ ‘ಕ್ಲೆವರ್’ ಅಧ್ಯಯನದಲ್ಲಿ, ಹೊಟ್ಟೆ–ಸೊಂಟದ ಮಟ್ಟದಲ್ಲಿ ನಾಳ ಕಿರಿದಾಗಿದ್ದವರು ಆರು ತಿಂಗಳ ಮೇಲ್ವಿಚಾರಣೆಯ ನಡಿಗೆಯಿಂದ ಟ್ರೆಡ್‌ಮಿಲ್ ಮೇಲೆ ಗಳಿಸಿದ ಸಮಯ, ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಹೆಚ್ಚಿತ್ತು. ಶುರು ಮಾಡುವ ಮೊದಲು ಹೃದಯವನ್ನು ಪರೀಕ್ಷಿಸಿಕೊಳ್ಳಿ. ಕಾರಣ ಈಗಾಗಲೇ ಹೇಳಿದ್ದೇನೆ. ಮಲಗಿದಾಗಲೂ ನೋವಿದ್ದರೆ, ಪಾದದಲ್ಲಿ ಹುಣ್ಣೋ ಕಪ್ಪು ಬಣ್ಣವೋ ಕಂಡರೆ ನಡಿಗೆಯ ಮಾತು ಬಿಟ್ಟು ನೇರ ರಕ್ತನಾಳ ತಜ್ಞರ ಬಳಿ ಹೋಗಬೇಕು.

ಮುಂದಿನ ಸಲ ಬಿಪಿ ತೋರಿಸಲು ಹೋದಾಗ ಚಪ್ಪಲಿಯ ಜೊತೆ ಸಾಕ್ಸನ್ನೂ ಕಳಚಿ. ಪಾದದ ಮೇಲ್ಭಾಗದಲ್ಲಿ ಮತ್ತು ಒಳಗಿಣ್ಣಿನ ಹಿಂದೆ ನಾಡಿ ಸಿಗುತ್ತದೆಯೇ ಎಂದು ನೋಡಲು ವೈದ್ಯರನ್ನು ಕೇಳಿ. ಮೇಲ್ಭಾಗದ್ದು ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ. ಎರಡೂ ಸಿಗದಿದ್ದರೆ ಎಬಿಐ ಮಾಡಿಸಿ. ನಿಮ್ಮ ಅಪ್ಪ ಅಮ್ಮ ಎಷ್ಟು ದೂರ ನಡೆದ ಮೇಲೆ ನಿಲ್ಲುತ್ತಾರೆ, ಯಾಕೆ ನಿಲ್ಲುತ್ತಾರೆ ಎಂದು ಈ ವಾರವೇ ಕೇಳಿ ತಿಳಿದುಕೊಳ್ಳಿ, ಅದನ್ನು ಅವರ ಹೃದಯದ ವೈದ್ಯರಿಗೂ ಹೇಳಿ.